ಅತ್ತೆಯ ಕರಡಿಗೆ ಸಮುದ್ರ ನೋಡಿದ ದಿನ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳಿಗೆ ಅದು ಇರಬೇಕಾದ್ದೇ. ಆದರೆ ಈ ಒಂದು ಪ್ರಸಂಗದಲ್ಲಿ ನನ್ನ ಸಿಟ್ಟಿಗೆ ಸಿಕ್ಕುವವರು ನನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಅದಕ್ಕೇ ಇಷ್ಟು ದಿನ ಯಾರಿಗೂ ಹೇಳದೆ ಇದ್ದೆ.

ಬಸವೇಶ್ವರನಗರದಲ್ಲಿ ನಮ್ಮ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ನಾವು ಅಂದರೆ ನಾನು, ನನ್ನ ಗಂಡ, ಅವರ ತಾಯಿ. ಅತ್ತೆ ಗದಗಿನ ಕಡೆಯವರು, ನಾನು ಹುಟ್ಟಿ ಬೆಳೆದದ್ದು ರಾಜಾಜಿನಗರ. ಎಪ್ಪತ್ತೊಂಬತ್ತು ವರ್ಷದ ಅತ್ತೆ, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಒಂದು ತುತ್ತು ಬಾಯಿಗೆ ಹಾಕಿದವರಲ್ಲ. ಜ್ವರ ಬಂದಾಗಲೂ ಅಷ್ಟೆ, ಮಗನ ಮದುವೆಯ ದಿನವೂ ಅಷ್ಟೆ. ನನಗೂ ಚಿಕ್ಕಂದಿನಲ್ಲೇ ಲಿಂಗದೀಕ್ಷೆ ಆಗಿತ್ತು. ಆದರೆ ಸ್ಕೂಲು, ಬಸ್ಸು, ಟಿಫಿನ್ ಡಬ್ಬಿ ಅಂತ ಓಡಾಡುವಾಗ ಒಂದು ದಿನ ಪೂಜೆ ತಪ್ಪಿತು, ಆಮೇಲೆ ಒಂದು ವಾರ ತಪ್ಪಿತು, ಆಮೇಲೆ ನನ್ನ ಲಿಂಗ ದೇವರಮನೆಯ ತಟ್ಟೆಯಲ್ಲೇ ಉಳಿಯಿತು. ಲಿಂಗವನ್ನು ಇಡುವ ಬೆಳ್ಳಿಯ ಕರಡಿಗೆಯ ಮುಚ್ಚಳವನ್ನು ಆರು ವರ್ಷ ನಾನು ತೆಗೆದಿರಲಿಲ್ಲ. ಸ್ನಾನ ಮಾಡಿ, ದೇವರಮನೆಯಲ್ಲಿ ಎರಡು ನಿಮಿಷ ನಿಂತು, ಹಣೆಗೆ ವಿಭೂತಿ ಎಳೆದುಕೊಂಡು ಹೊರಗೆ ಬಂದರೆ ಮನೆಯವರ ಮಟ್ಟಿಗೆ ನನ್ನ ಪೂಜೆ ಮುಗಿದಂತೆ.

ಇಂಥವಳು ಧರ್ಮ ಕಲಿಸಲು ವಿದೇಶಕ್ಕೆ ಹೊರಟೆ. ನಮ್ಮ ಬಡಾವಣೆಗೆ ಹತ್ತಿರದ ಮಠದ ಸ್ವಾಮಿಗಳು ಆಸ್ಟ್ರೇಲಿಯಾದಲ್ಲಿರುವ ನಮ್ಮವರ ಮಕ್ಕಳಿಗೆ ವಚನ, ಲಿಂಗಪೂಜೆ ಕಲಿಸಲು ಎರಡು ವಾರದ ಪ್ರವಾಸ ಹಾಕಿಕೊಂಡಿದ್ದರು. ಜೊತೆಗೆ ಬರಲು ನಾಲ್ಕು ಜನ ಸ್ವಯಂಸೇವಕರು ಬೇಕಿತ್ತು. ಭಾನುವಾರಗಳಲ್ಲಿ ಮಠದ ಹಾಲ್‌ನಲ್ಲಿ ಮಕ್ಕಳಿಗೆ ವಚನ ಹೇಳಿಕೊಡುತ್ತಿದ್ದ ನನ್ನನ್ನು ಅವರೇ ಕರೆದರು. ಪಾಠ ನನಗೆ ಬರುತ್ತದೆ. ಸಮುದ್ರದ ದಂಡೆಯಲ್ಲಿ ಒಂದು ದಿನ ಸುತ್ತಾಟವೂ ಇದೆ ಅಂದಿದ್ದರು. ಸುಳ್ಳು ಯಾಕೆ, ನಾನು ಹೂಂ ಅಂದದ್ದರಲ್ಲಿ ಧರ್ಮ ಅರ್ಧ, ಸಮುದ್ರ ಅರ್ಧ.

ಹೊರಡುವ ವಾರ ಅತ್ತೆಯ ಕೊರಳಲ್ಲಿ ದಾರ ಉಜ್ಜಿ ಕೆಂಪು ಗುಳ್ಳೆ ಎದ್ದಿದ್ದವು. ಮೂಲೆ ಕ್ಲಿನಿಕ್ಕಿನ ಡಾಕ್ಟರು ಮುಲಾಮು ಕೊಟ್ಟು, ನಾಲ್ಕು ದಿನ ಕೊರಳಿಗೆ ಏನೂ ಹಾಕಬೇಡಿ ಅಂದರು. ಅತ್ತೆ ಒಲ್ಲದ ಮನಸ್ಸಿನಿಂದ ಒಪ್ಪಿದರು. ಇದೇ ಸಮಯ ಅಂತ ನಾನು ಇಬ್ಬರ ಕರಡಿಗೆಗಳನ್ನೂ ಬೆಳ್ಳಿ ಅಂಗಡಿಗೆ ಒಯ್ದು ಪಾಲಿಶ್ ಮಾಡಿಸಿ, ಹೊಸ ದಾರ ಹಾಕಿಸಿಕೊಂಡು ಬಂದೆ. ನಿಜ ಹೇಳಬೇಕೆಂದರೆ ಪಾಲಿಶ್ ಬೇಕಾಗಿದ್ದದ್ದು ನನ್ನದಕ್ಕೆ ಮಾತ್ರ. ಆರು ವರ್ಷ ಮುಟ್ಟದೆ ಅದು ಕಪ್ಪಿಟ್ಟಿತ್ತು. ಅದನ್ನು ಹಾಗೇ ಕೊರಳಿಗೆ ಹಾಕಿಕೊಂಡು ಹೋಗಿ ಮಕ್ಕಳ ಎದುರು ನಿಲ್ಲುವುದು ಹೇಗೆ? ಎರಡೂ ನನ್ನ ಮಾವನವರು ಒಂದೇ ಅಕ್ಕಸಾಲಿಗನ ಕೈಲಿ ಮಾಡಿಸಿದ್ದವು. ನನ್ನದು ಕಪ್ಪು, ಅವರದು ಬಿಳುಪು, ಗುರುತು ಅಷ್ಟೇ ಇದ್ದದ್ದು. ಪಾಲಿಶ್ ಆದ ಮೇಲೆ ಅದೂ ಹೋಯಿತು.

ಅತ್ತೆ ತಮ್ಮ ಲಿಂಗವನ್ನು ಒಂದರಲ್ಲಿ ಇಟ್ಟರು, ನಾನು ನನ್ನದನ್ನು ಇನ್ನೊಂದರಲ್ಲಿ ಇಟ್ಟೆ, ಎರಡೂ ಒಂದೇ ತಟ್ಟೆ ಸೇರಿದವು. ಗುರುವಾರ ಮಧ್ಯಾಹ್ನ ಏರ್‌ಪೋರ್ಟಿಗೆ ಕ್ಯಾಬ್ ಬಂದು ಹಾರ್ನ್ ಹೊಡೆಯುತ್ತಿತ್ತು. ಗಂಡ ಬಾಗಿಲಲ್ಲಿ ನಿಂತು "ಬೇಗ ಬಾರೇ, ಟ್ರಾಫಿಕ್ ಇದೆ" ಅಂತ ಕೂಗುತ್ತಿದ್ದರು. ನಾನು ದೇವರಮನೆಗೆ ನುಗ್ಗಿ ಕೈಗೆ ಸಿಕ್ಕ ಒಂದನ್ನು ಕೊರಳಿಗೆ ಹಾಕಿಕೊಂಡು ಓಡಿದೆ. ಮುಚ್ಚಳ ತೆಗೆದು ನೋಡುವುದು ಎರಡು ಕ್ಷಣದ ಕೆಲಸವಾಗಿತ್ತು.

ಮೆಲ್ಬರ್ನ್‌ನಲ್ಲಿ ಇಳಿದಾಗ ಕಸ್ಟಮ್ಸ್‌ನವರು ನಮ್ಮ ಚೀಲದಲ್ಲಿದ್ದ ಬಿಲ್ವಪತ್ರೆಯನ್ನೆಲ್ಲ ಹೊರಗೆ ತೆಗೆಸಿ ಕಸದ ಡಬ್ಬಿಗೆ ಹಾಕಿಸಿದರು. ಗಿಡದ ಎಲೆ ಆ ದೇಶದ ಒಳಗೆ ಹೋಗುವ ಹಾಗಿಲ್ಲವಂತೆ. ಸ್ವಾಮಿಗಳೂ ನಾವೂ ಉಳಿದುಕೊಂಡದ್ದು ಒಬ್ಬ ಕನ್ನಡತಿಯ ಮನೆಯಲ್ಲಿ. ಬೆಳಗಾವಿಯ ಹೆಣ್ಣುಮಗಳು, ಅಕ್ಕಾ ಅಕ್ಕಾ ಅಂತ ನನ್ನ ಸುತ್ತಲೇ ಇರುತ್ತಿದ್ದಳು. ಪ್ರಯಾಣದ ಆಯಾಸ ಅಂತ ಶುಕ್ರವಾರ ನಾನು ಕರಡಿಗೆ ತೆಗೆಯಲಿಲ್ಲ. ಶನಿವಾರವೂ ತೆಗೆಯಲಿಲ್ಲ. ಆ ಸಂಜೆ ಅದೇ ಮನೆಯ ದೊಡ್ಡ ಹಾಲ್‌ನಲ್ಲಿ ನನ್ನ ಮೊದಲ ಪಾಠ. ಮೂವತ್ತು ಮಕ್ಕಳು, ಹಿಂದೆ ಅವರ ಅಪ್ಪ ಅಮ್ಮಂದಿರು. "ಇದು ಮೈಯಿಂದ ಒಂದು ಕ್ಷಣವೂ ದೂರ ಇರಬಾರದು. ಇದರ ಪೂಜೆ ಆಗದೆ ನಾವು ಊಟ ಮಾಡೋದಿಲ್ಲ" ಅಂತ ಕೊರಳಿನ ಕರಡಿಗೆ ಎತ್ತಿ ತೋರಿಸಿ ಹೇಳಿದೆ. ಆಗಷ್ಟೇ ಸಮೋಸ ತಿಂದಿದ್ದೆ. ಚಪ್ಪಾಳೆ ಬಿತ್ತು, ಸ್ವಾಮಿಗಳು ತಲೆದೂಗಿದರು.

ಭಾನುವಾರ ಬೆಳಿಗ್ಗೆ ಸಾಮೂಹಿಕ ಲಿಂಗಪೂಜೆ. ಸಾಲಾಗಿ ಕೂತೆವು, ನಾನು ಮುಂದಿನ ಸಾಲು. ಸ್ವಾಮಿಗಳು ಹೇಳಿದಂತೆ ಎಲ್ಲರೂ ಕರಡಿಗೆ ತೆಗೆದರು. ನಾನೂ ಮುಚ್ಚಳ ತಿರುಗಿಸಿದೆ. ಒಳಗಿನಿಂದ ಕರ್ಪೂರದ ವಾಸನೆ ಬಂತು. ದಪ್ಪಗೆ ಹಚ್ಚಿದ ವಿಭೂತಿ, ಅದಕ್ಕೆ ಅಂಟಿಕೊಂಡ ಒಂದು ಬಿಲ್ವದ ಎಲೆ. ಕಸ್ಟಮ್ಸ್‌ನವರ ಕಣ್ಣು ತಪ್ಪಿಸಿ ಬಂದದ್ದು ಅದೊಂದೇ ಇರಬೇಕು. ಲಿಂಗದ ಒಂದು ಬದಿ, ದಿನಾ ಹೆಬ್ಬೆರಳು ತಾಗಿ ತಾಗಿ, ನುಣ್ಣಗೆ ಸವೆದಿತ್ತು. ಅದು ನನ್ನದಲ್ಲ.

ಬೆಂಗಳೂರಿನಲ್ಲಿ ಶುಕ್ರವಾರ ಬೆಳಿಗ್ಗೆ ಅತ್ತೆ ಮುಚ್ಚಳ ತೆಗೆದಿರುತ್ತಾರೆ. ತಮ್ಮದಲ್ಲ ಅಂತ ಅವರಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ತಮ್ಮ ಲಿಂಗ ಇಲ್ಲದೆ ಅವರು ಊಟ ಮಾಡುವುದಿಲ್ಲ. ಶುಕ್ರವಾರ, ಶನಿವಾರ, ಇವತ್ತು. ಎಪ್ಪತ್ತೊಂಬತ್ತು ವರ್ಷ, ಮೇಲೆ ಸಕ್ಕರೆ ಕಾಯಿಲೆ, ಎರಡು ಹೊತ್ತು ಮಾತ್ರೆ. ನಾನು ಅಲ್ಲಿಂದ ಎದ್ದು ಓಡಬೇಕಿತ್ತು. ಓಡಲಿಲ್ಲ. ನೂರಾರು ಕಣ್ಣುಗಳ ಎದುರು, ಬೇರೆಯವರ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಪೂಜೆ ಮುಗಿಯುವವರೆಗೂ ಕೂತೆ.

ಆಮೇಲೆ ಬಚ್ಚಲುಮನೆಗೆ ಹೋಗಿ ಗಂಡನಿಗೆ ಫೋನ್ ಮಾಡಿದೆ.

"ಅತ್ತೆ ಹೇಗಿದಾರ್ರೀ?"

"ಅದೇ ತಲೆನೋವಾಗಿದೆ ಕಣೇ. ಶುಕ್ರವಾರದಿಂದ ಊಟಾನೇ ಬಿಟ್ಟಿದಾಳೆ ಅವ್ವ. ಅಜೀರ್ಣ ಅಂತಾಳೆ. ಬರೀ ಮಜ್ಜಿಗೆ. ಡಾಕ್ಟ್ರು ಗ್ಯಾಸ್‌ಗೆ ಮಾತ್ರೆ ಕೊಟ್ಟಿದಾರೆ. ಶುಗರ್ ಕಮ್ಮಿ ಆಗಿದೆ, ನಾಳೆ ಹೊತ್ತಿಗೆ ಸರಿಹೋಗ್ಲಿಲ್ಲ ಅಂದ್ರೆ ಅಡ್ಮಿಟ್ ಮಾಡಿ ಅಂದ್ರು."

ಅಜೀರ್ಣ! ಅವರು ಮಗನಿಗೂ ಹೇಳಿಲ್ಲ. ನನಗೆ ಆ ಕ್ಷಣ ಅತ್ತೆಯ ಮೇಲೇ ಸಿಟ್ಟು ಬಂತು, ನೋಡಿ ನನ್ನ ಬುದ್ಧಿ. ಒಂದು ಮಾತು ಹೇಳಿದ್ದರೆ ಇವರೇ ನನಗೆ ಫೋನ್ ಮಾಡಿ ಬೈಯುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. "ಫೋನ್ ಅವರಿಗೆ ಕೊಡಿ, ನೀವು ಸ್ವಲ್ಪ ಹೊರಗೆ ಹೋಗಿ" ಅಂದೆ. ಅತ್ತೆಯ ದನಿ ಬಾವಿಯ ಒಳಗಿನಿಂದ ಬಂದ ಹಾಗೆ ಬಂತು.

"ಪೂಜಿ ಆತೇನವಾ?"

"ಅತ್ತೆ, ನಿಮ್ಮದು ನನ್ನ ಹತ್ರ ಇದೆ. ಅದಲುಬದಲಾಗಿದೆ. ನನ್ನ ತಪ್ಪು."

"ಗೊತ್ತೈತಿ. ಜೋಪಾನ ಐತಲ್ಲ? ಸಾಕು. ನೀ ಬರೂತನಕ ಮಜ್ಜಿಗಿ ಕುಡದು ಇರ್ತೀನಿ."

"ನಾನು ಬರೋದು ಇನ್ನು ಹತ್ತು ದಿನ ಅತ್ತೆ! ಅಲ್ಲಿವರೆಗೂ ನನ್ನದಕ್ಕೇ ಪೂಜೆ ಮಾಡಿ ಊಟ ಮಾಡಿ, ಪ್ಲೀಸ್."

"ಹಂಗ ಬರೂದಿಲ್ಲವಾ. ನಿಂದು ನಿಂದು, ನಂದು ನಂದು. ಯಾರ ಮುಂದೂ ಹೇಳಬ್ಯಾಡ. ಮಠದ ಅಪ್ಪಾರ ಜೋಡಿ ಹೋಗೀದಿ, ಮಂದಿಗೆ ಕಲಸಾಕ ಹೋಗೀದಿ. ಅಲ್ಲಿ ನಿನ್ನ ಮಾನ ಹೋಗಬಾರದು."

ಅವರು ಉಪವಾಸ ಇದ್ದದ್ದು ಲಿಂಗಕ್ಕಾಗಿ. ಬಾಯಿ ಮುಚ್ಚಿಕೊಂಡಿದ್ದು ನನಗಾಗಿ. ನಾನು ಟಬ್ಬಿನ ಅಂಚಿನಲ್ಲಿ ಕೂತುಬಿಟ್ಟೆ. ಬೇರೆ ದಾರಿ ಹುಡುಕಿ ಹುಡುಕಿ ಕೊನೆಗೆ ಕೇಳಿದೆ, "ನಾನು ನಿಮ್ಮ ಲಿಂಗ ಅಂಗೈಲಿಟ್ಟು ವಿಡಿಯೋದಲ್ಲಿ ತೋರಿಸಿದ್ರೆ? ನೀವು ಅಲ್ಲಿಂದ ನೋಡ್ತಾ ಪೂಜೆ ಮಾಡಿ."

"ಫೋನಿನ್ಯಾಗ ಪೂಜಿ ಆಕ್ಕತೋ ಇಲ್ಲೋ ನನಗೇನ ಗೊತ್ತು? ಅಪ್ಪಾರು ಆಕ್ಕತಿ ಅಂದ್ರ ಮಾಡ್ತೀನಿ. ಆದ್ರ ನೀ ಕೇಳಬ್ಯಾಡ" ಅಂದು ಫೋನ್ ಇಟ್ಟರು.

ಸ್ವಾಮಿಗಳನ್ನು ಕೇಳಬೇಕೆಂದರೆ ಎಲ್ಲ ಹೇಳಬೇಕು. ಕರಡಿಗೆ ಬದಲಾದದ್ದು ಮೂರನೆಯ ದಿನ ಗೊತ್ತಾಯಿತು ಅಂದರೆ ಮೊದಲ ಎರಡು ದಿನ ಏನು ಮಾಡುತ್ತಿದ್ದೆ ಅಂತ ಯಾರು ಬೇಕಾದರೂ ಕೇಳುತ್ತಾರೆ. ನಾನು ಆ ದಿನವೆಲ್ಲ ಅವರ ಕೋಣೆಯ ಬಾಗಿಲವರೆಗೆ ಮೂರು ಸಲ ಹೋಗಿ ಮೂರು ಸಲ ವಾಪಸು ಬಂದೆ. ಸಂಜೆ ಒಬ್ಬ ಅಪ್ಪ ನನ್ನ ಕಾಲಿಗೆ ನಮಸ್ಕಾರ ಮಾಡಿ, ನಿಮ್ಮಂಥವರು ಬಂದು ಹೇಳಿದ್ರೇನೇ ಮಕ್ಕಳಿಗೆ ನಾಟೋದು ಮೇಡಂ ಅಂದ. ಅದಾದ ಮೇಲೆ ಬಾಗಿಲವರೆಗೂ ಹೋಗಲಿಲ್ಲ. ನನ್ನ ಮಾನ ಉಳಿಸಲು ಒಬ್ಬ ಮುದುಕಿ ಹಸಿದುಕೊಂಡಿದ್ದಾಳೆ, ನಾನು ಅದನ್ನು ಹಿಡಿದುಕೊಂಡು ಕೂತಿದ್ದೇನೆ. ಇದಕ್ಕಿಂತ ಕೀಳು ಕೆಲಸ ನನ್ನ ಜನ್ಮದಲ್ಲಿ ಮಾಡಿಲ್ಲ.

ಸೋಮವಾರ ಸಮುದ್ರದಂಡೆಯ ಸುತ್ತಾಟ. ಬೆಳಗಾವಿಯ ಹೆಣ್ಣುಮಗಳು ಬುತ್ತಿ ಕಟ್ಟಿಕೊಂಡು ತಾನೇ ವ್ಯಾನ್ ಓಡಿಸಿದಳು. ರಸ್ತೆಯ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನೇರ ಕೆಳಗೆ ಸಮುದ್ರ. ನೀರು ಅಷ್ಟು ನೀಲಿ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಎಲ್ಲರೂ ಕಿಟಕಿಗೆ ಅಂಟಿಕೊಂಡು ಅದು ನೋಡಿ, ಇದು ನೋಡಿ ಅನ್ನುತ್ತಿದ್ದರು. ಕಾವಿಯ ಮೇಲೆ ದಪ್ಪ ಜಾಕೆಟ್, ತಲೆಗೆ ಉಣ್ಣೆ ಟೋಪಿ ಹಾಕಿಕೊಂಡಿದ್ದ ಸ್ವಾಮಿಗಳು ಮಕ್ಕಳ ಹಾಗೆ ಖುಷಿಯಾಗಿದ್ದರು. ನಾನು ನೋಡುತ್ತಿದ್ದದ್ದು ಫೋನಿನ ಗಡಿಯಾರ. ನಮ್ಮಲ್ಲಿ ಬೆಳಿಗ್ಗೆ ಆರೂವರೆ ಅಂದರೆ ಅಲ್ಲಿ ಹನ್ನೊಂದು. ಅತ್ತೆ ಸ್ನಾನ ಮುಗಿಸಿ ಪೂಜೆಗೆ ಕೂರುವ ಹೊತ್ತು.

ಹತ್ತು ಗಂಟೆಗೆ, ಅಂದರೆ ಬೆಂಗಳೂರಿನಲ್ಲಿ ಐದೂವರೆಗೆ, ಗಂಡನ ಸಂದೇಶ ಬಂತು. "ಅವ್ವ ಎದ್ದು ಬಚ್ಚಲಿಗೆ ಹೋಗ್ತಾ ಕಣ್ಣು ಕತ್ತಲೆ ಬಂದು ಗೋಡೆ ಹಿಡ್ಕೊಂಡು ಕೂತುಬಿಟ್ಟಳು. ಎಂಟು ಗಂಟೆಗೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ." ನೋಡುನೋಡುತ್ತಲೇ ಸಿಗ್ನಲ್ ಹೋಯಿತು.

ಸಮುದ್ರ ನೋಡಲೆಂದೇ ಮಾಡಿದ ಒಂದು ಜಾಗದಲ್ಲಿ ವ್ಯಾನ್ ನಿಂತಿತು. ಸಮುದ್ರದ ಮಧ್ಯೆ ಎತ್ತರದ ಬಂಡೆಗಳು ಒಂಟೊಂಟಿಯಾಗಿ ನಿಂತಿದ್ದವು. ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸ್ವಾಮಿಗಳು ಕಟಾಂಜನ ಹಿಡಿದು ಒಬ್ಬರೇ ನಿಂತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಗಾಳಿ ಎಷ್ಟಿತ್ತೆಂದರೆ ಕೂಗಿಯೇ ಹೇಳಬೇಕಾಯಿತು. ಇಂಥದ್ದನ್ನು ಮೆತ್ತಗೆ ಹೇಳುವ ಭಾಗ್ಯವೂ ನನಗೆ ಸಿಗಲಿಲ್ಲ.

"ಬುದ್ಧಿ, ನನ್ನ ಕೊರಳಲ್ಲಿರೋದು ನನ್ನ ಅತ್ತೆಯವರ ಲಿಂಗ."

ಅವರು ತಿರುಗಿದರು. ಎಲ್ಲ ಹೇಳಿದೆ. ಪಾಲಿಶ್, ತಟ್ಟೆ, ಕ್ಯಾಬ್, ಮಜ್ಜಿಗೆ, ಕಣ್ಣು ಕತ್ತಲೆ ಬಂದದ್ದು. ಅವರು ಒಂದೇ ಪ್ರಶ್ನೆ ಕೇಳಿದರು, ಅದೇ ಪ್ರಶ್ನೆ.

"ಮೊದಲ ದಿನವೇ ಯಾಕೆ ಗೊತ್ತಾಗ್ಲಿಲ್ಲ ತಾಯಿ?"

"ನಾನು ಪೂಜೆ ಮಾಡೋದಿಲ್ಲ ಬುದ್ಧಿ. ಆರು ವರ್ಷ ಆಯ್ತು."

ಬೈದಿದ್ದರೆ ಎದುರು ಮಾತಾಡುತ್ತಿದ್ದೆನೋ ಏನೋ. ಬೈಯಲಿಲ್ಲ. "ಫೋನ್ ಮಾಡಿ, ನಾವು ಮಾತಾಡ್ತೀವಿ" ಅಂದರು. ಸಿಗ್ನಲ್ ಇಲ್ಲ ಅಂದೆ. ಆಗ ಆ ಶಾಂತ ಮನುಷ್ಯ ಟೋಪಿ ಕಿತ್ತು ಕೈಯಲ್ಲಿ ಹಿಡಿದುಕೊಂಡು ವ್ಯಾನಿನ ಕಡೆ ಓಡಿದರು. "ಎಲ್ಲರೂ ಹತ್ರಿ, ಹತ್ರಿ!" ಅಂತ ಕೂಗಿದ್ದು ಇಡೀ ದಂಡೆಗೆ ಕೇಳಿಸಿರಬೇಕು.

ಮುಂದಿನ ಅರ್ಧ ಗಂಟೆ ನನಗೆ ಸಮುದ್ರ ಕಾಣಲಿಲ್ಲ. ಸ್ವಾಮಿಗಳು ಮುಂದಿನ ಸೀಟಿನಲ್ಲಿ ಕೂತು ಒಂದು ಫೋನ್ ಎತ್ತಿ ಹಿಡಿದಿದ್ದರು, ನಾನು ಹಿಂದಿನಿಂದ ಇನ್ನೊಂದು. ಸಿಗ್ನಲ್ಲಿನ ಒಂದು ಗೆರೆ ಬರುವುದು, ಹೋಗುವುದು. ವಿಷಯ ಏನೆಂದು ಉಳಿದವರಿಗೆ ಗೊತ್ತಿಲ್ಲ, ಯಾರಿಗೋ ಮೈಗೆ ಸರಿಯಿಲ್ಲ ಅಂತಷ್ಟೇ ಗೊತ್ತು. ಹನ್ನೊಂದು ಆಯಿತು, ಹನ್ನೊಂದೂಕಾಲು ಆಯಿತು. ತಿರುವುಗಳಲ್ಲಿ ಆ ಹೆಣ್ಣುಮಗಳು ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು, "ಮುಂದ ಲೈಟ್‌ಹೌಸ್ ಹತ್ರ ಸಿಗ್ತೇತಿ ಅಕ್ಕಾ, ಗ್ಯಾರಂಟಿ ಸಿಗ್ತೇತಿ" ಅನ್ನುತ್ತಲೇ ಇದ್ದಳು.

ಲೈಟ್‌ಹೌಸಿನ ಕಾರ್ ನಿಲ್ಲಿಸುವ ಜಾಗದಲ್ಲಿ ಮೂರು ಗೆರೆ ಬಂದವು. ಗಂಡ ವಿಡಿಯೋ ಕಾಲ್ ಎತ್ತಿದರು. ಸ್ವಾಮಿಗಳ ಮುಖ ಕಂಡು ಅವರಿಗೆ ಗಾಬರಿ. "ಅಮ್ಮನವರಿಗೆ ಕೊಡಿ" ಅಂದರು ಸ್ವಾಮಿಗಳು. ಅತ್ತೆ ದೇವರಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮುಖ ಇಳಿದುಹೋಗಿತ್ತು. ಸ್ವಾಮಿಗಳನ್ನು ಕಂಡವರೇ ಸೆರಗು ಎಳೆದುಕೊಂಡು ಏಳಲು ಹೋದರು.

"ಕೂತ್ಕೊಳ್ಳಿ ತಾಯಿ. ಸೊಸೆ ಎಲ್ಲ ಹೇಳಿದಾರೆ. ನಿಮ್ಮ ಲಿಂಗ ಇಲ್ಲಿ ಭದ್ರವಾಗಿದೆ. ಅವರ ಕೈ ನಿಮ್ಮ ಕೈ ಅಂತ ತಿಳ್ಕೊಂಡು, ನೋಡ್ತಾ ಪೂಜೆ ಮಾಡಿ. ಆಗುತ್ತೆ. ನಾವು ಹೇಳ್ತಾ ಇದೀವಿ."

"ಹೇಳಿಬಿಟ್ಳೇನು?" ಅತ್ತೆ ಕೇಳಿದ್ದು ಅಷ್ಟೇ. ಅವರ ಕಣ್ಣಲ್ಲಿ ನೀರು ಬಂತು. ಅದು ನನ್ನ ಮಾನ ಹೋಯಿತಲ್ಲ ಅಂತ ಬಂದ ನೀರು.

ನಾನು ಟಾರು ನೆಲದ ಮೇಲೆ ಪದ್ಮಾಸನ ಹಾಕಿ ಕೂತೆ. ಗಾಳಿಗೆ ಅಡ್ಡವಾಗಿ ಸ್ವಾಮಿಗಳು ಜಾಕೆಟ್ ಬಿಚ್ಚಿ ಹಿಡಿದು ನಿಂತರು, ಬೆಳಗಾವಿಯ ಹೆಣ್ಣುಮಗಳು ಫೋನ್ ಹಿಡಿದಳು. ಲಿಂಗ ಎಡ ಅಂಗೈಗೆ ಬಂತು. ಹತ್ತು ಹೆಜ್ಜೆ ಆಚೆ ಬೇಲಿ, ಬೇಲಿಯ ಆಚೆ ಸಮುದ್ರ. ಒಂದು ಸಲ ಜಾರಿದರೆ ಮುಗಿಯಿತು ಅನ್ನಿಸಿ ಬಲಗೈಯಿಂದ ಎಡಗೈಯ ಮಣಿಕಟ್ಟು ಹಿಡಿದುಕೊಂಡೆ. ಬಾಟಲಿಯ ನೀರು ಹಾಕು ಅಂದರು ಅತ್ತೆ, ಹಾಕಿದೆ. ವಿಭೂತಿ ಹಚ್ಚು ಅಂದರು, ಅರ್ಧ ಗಾಳಿಗೆ ಹೋಯಿತು, ಅರ್ಧ ನಿಂತಿತು. ಪತ್ರಿ ಅಂದರು. ಕರಡಿಗೆಯ ತಳದಲ್ಲಿದ್ದ ಆ ಒಂದೇ ಒಣಗಿದ ಎಲೆ ತೆಗೆದು ಇಟ್ಟೆ. ಆಮೇಲೆ ಅವರು ನೋಡುತ್ತ ಕೂತರು. ರೆಪ್ಪೆ ಬಡಿಯದೆ, ಅಷ್ಟು ದೂರದಿಂದ, ನನ್ನ ಅಂಗೈಯನ್ನು. ಚಿಪ್ಸ್ ತಿನ್ನುತ್ತಿದ್ದ ಯಾರೋ ಪ್ರವಾಸಿಗರು ನಿಂತು ನೋಡಿ ಮುಂದೆ ಹೋದರು.

ಪೂಜೆ ಮುಗಿಯಿತು. "ಈಗ ನನ್ನೆದುರಿಗೇ ತಿನ್ನಿ" ಅಂದೆ. ಗಂಡ ತಟ್ಟೆಯಲ್ಲಿ ಉಪ್ಪಿಟ್ಟು ತಂದರು. ಅತ್ತೆ ಮೊದಲ ತುತ್ತು ಬಾಯಿಗಿಟ್ಟು, ನುಂಗಿ, "ಉಪ್ಪು ಕಡಿಮಿ ಆಗೇತಿ" ಅಂದರು. ನಾನು ಅಷ್ಟು ಜನರ ಎದುರು ಹೋ ಅಂತ ಅತ್ತುಬಿಟ್ಟೆ.

ವಾಪಸು ಬರುವಾಗ ಸ್ವಾಮಿಗಳು ಹೇಳಿದರು, "ನಾಳೆಯಿಂದ ಪಾಠ ನಾವೇ ತಗೋತೀವಿ. ನೀವು ಅಡುಗೆಮನೆ ನೋಡ್ಕೊಳ್ಳಿ ತಾಯಿ." ಮೆತ್ತಗೇ ಹೇಳಿದರು. ನನಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು. ಉಳಿದ ದಿನವೆಲ್ಲ ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ಕಲೆಸಿದೆ. ಪಾಠದ ಕೋಣೆಯಿಂದ ಮಕ್ಕಳ ದನಿ ಕೇಳುತ್ತಿತ್ತು, ಉಚ್ಚಾರ ತಪ್ಪಿದರೂ ತಿದ್ದಲು ನಾನು ಹೋಗುವ ಹಾಗಿರಲಿಲ್ಲ. ದಿನಾ ಹನ್ನೊಂದಕ್ಕೆ ಮಾತ್ರ ಒಲೆ ಆರಿಸಿ, ಕೈ ತೊಳೆದು, ಫೋನಿನ ಎದುರು ಅಂಗೈ ಚಾಚಿ ಕೂರುತ್ತಿದ್ದೆ. ಪರದೆಯಲ್ಲಿ ಅತ್ತೆಯ ಮುಖ ಮಾತ್ರ ಕಾಣುತ್ತಿತ್ತು.

ಹದಿನಾಲ್ಕನೆಯ ದಿನ ಮನೆಗೆ ಬಂದೆ. ಚಪ್ಪಲಿ ಬಿಟ್ಟವಳೇ ದೇವರಮನೆಗೆ ಹೋಗಿ ಅತ್ತೆಯ ಕರಡಿಗೆಯನ್ನು ಅವರ ಕೈಗೆ ಕೊಟ್ಟು ಕಾಲು ಮುಟ್ಟಿದೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಕೊರಳಿಗೆ ಹಾಕಿಕೊಂಡರು. ಗುಳ್ಳೆಗಳು ವಾಸಿಯಾಗಿದ್ದವು. ಆಮೇಲೆ ತಟ್ಟೆಯಿಂದ ನನ್ನದನ್ನು ತೆಗೆದು ನನ್ನ ಕೈಗಿಟ್ಟರು. ಅವರು ಅದನ್ನು ತೆಗೆದು ನೋಡಿದ್ದಾರೆ, ಆರು ವರ್ಷ ನಾನು ಏನು ಮಾಡಿದೆ ಅಂತ ಅವರಿಗೆ ಗೊತ್ತಿದೆ. ತಲೆ ಎತ್ತಲಾಗದೆ ಅಡುಗೆಮನೆಗೆ ಹೋದೆ.

ಹಿಂದೆಯೇ ಗಂಡ ಬಂದರು. "ಅವ್ವ ಏನ್ ಮಾಡ್ತಿದ್ಲು ಗೊತ್ತಾ? ನೀನು ಅಲ್ಲಿ ಅವಳದು ಹಿಡ್ಕೊಂಡು ಕೂತಾಗ, ಇಲ್ಲಿ ಅವಳ ಕೈಲಿ ನಿಂದು ಇರ್ತಿತ್ತು. ಫೋನ್ ಹಿಡಿದಿದ್ದವನು ನಾನಲ್ವಾ, ನಾನು ನೋಡ್ತಿದ್ದೆ. ನಿಂದಕ್ಕೂ ನೀರು, ವಿಭೂತಿ, ಪತ್ರೆ ಎಲ್ಲ ಮಾಡಿ ಆಮೇಲೇ ಊಟ. ಊಟ ಬಿಟ್ಟಿದ್ಲಲ್ಲ, ಆ ಮೂರು ದಿನಾನೂ ಮಾಡಿದಾಳಂತೆ. ಯಾಕವ್ವಾ ಅಂದ್ರೆ, 'ಅಕಿ ಊರಾಗಿಲ್ಲ, ಅಕಿದಕ್ಕ ಯಾರು ಮಾಡಬೇಕು?' ಅಂತಾಳೆ."

ನಾನು ಮುಚ್ಚಳ ತಿರುಗಿಸಿದೆ. ಹಸಿ ವಿಭೂತಿ. ಹಿಂದಿನ ಕ್ರಾಸಿನ ಮನೆಯ ಗಿಡದ್ದು, ಆ ಬೆಳಿಗ್ಗೆಯೇ ಕಿತ್ತ ಬಿಲ್ವದ ಎಲೆ ಒಂದು. ಒಲೆಯ ಮೇಲೆ ನನಗೆಂದು ಇಟ್ಟಿದ್ದ ಉಪ್ಪಿಟ್ಟು ಬಿಸಿಯಾಗಿಯೇ ಇತ್ತು. ಹಸಿವಿನಿಂದ ಹೊಟ್ಟೆ ಚುರುಗುಟ್ಟುತ್ತಿತ್ತು. ನಾನು ಉಪ್ಪಿಟ್ಟನ್ನು ಮುಚ್ಚಿಟ್ಟು ಸ್ನಾನಕ್ಕೆ ಹೋದೆ.